ಗುಡಾಣದ ಗ್ರೀಕನೂ ಅಮ್ಮನ ಚಕ್ಕುಲಿಯೂ

ನನ್ನ ತಮ್ಮ ಶಾಲೆಯಲ್ಲಿ ನನಗಿಂತ ಒಂದೇ ಕ್ಲಾಸು ಕೆಳಗೆ. ಇದೆಷ್ಟು ಅಪಾಯದ ಸಂಗತಿ ಎಂಬುದು ಹೋದ ವಸಂತದಲ್ಲಿ ಅರ್ಥವಾಯಿತು. ಗಣಿತದಲ್ಲಿ ನನಗೆ ಆಗಲೇ ಐದು ಬಿದ್ದಿತ್ತು. ಜರ್ಮನಿಯ ಶಾಲೆಯಲ್ಲಿ ಒಂದು ಎಂದರೆ ಬಂಗಾರ, ಆರು ಎಂದರೆ ಬೂದಿ. ಐದು ಎಂದರೆ ಬೂದಿಯಾಗುವ ಮುಂಚಿನ ಹೊಗೆ. ಎಥಿಕ್ ಎಂಬ ನೀತಿಪಾಠದಲ್ಲಿ ಇನ್ನೊಂದು ಐದು ಬಿದ್ದರೆ ಅದೇ ಕ್ಲಾಸಿನಲ್ಲಿ ಮತ್ತೊಂದು ವರ್ಷ, ಅದೂ ತಮ್ಮನ ಜೊತೆ. ಅವನು ನನಗೊಂದು ಕುರ್ಚಿಯನ್ನೂ ಆರಿಸಿಟ್ಟಿದ್ದ, ಕಸದ ಬುಟ್ಟಿಯ ಪಕ್ಕದ್ದು.

"ಅಕ್ಕ, ಹೋಮ್‌ವರ್ಕ್ ನಾನೇ ಹೇಳಿಕೊಡ್ತೇನೆ. ಆದ್ರೆ ಕ್ಲಾಸಲ್ಲಿ ನನ್ನ ಅಕ್ಕ ಅಂತ ಮಾತ್ರ ಹೇಳ್ಬೇಡ, ಆಯ್ತಾ?"

ಕ್ರೈಸ್ತ ಮಕ್ಕಳು ಧರ್ಮದ ಪಾಠಕ್ಕೆ ಹೋದಾಗ ಉಳಿದ ನಮ್ಮಂಥವರಿಗೆ ಎಥಿಕ್. ಒಳ್ಳೆಯ ಬದುಕು ಎಂದರೇನು ಎಂದು ಬೆಳಗಿನ ಮೊದಲ ಪೀರಿಯಡ್ಡಿನಲ್ಲಿ, ಕಣ್ಣಿನ ಪಿಸುರು ಒಣಗುವ ಮುಂಚೆಯೇ ಕೇಳುವ ಪಾಠ. ಅಲ್ಲಿ ನಾನು ಹಿಂದೆ ಬಿದ್ದದ್ದು ಬುದ್ಧಿ ಸಾಲದೆ ಅಲ್ಲ, ಬುದ್ಧಿ ಕಟ್ಟೆಯೊಡೆದು ಹರಿದದ್ದರಿಂದ. ಎರಡು ಸಾಲು ಕೇಳಿದರೆ ಎರಡು ಪುಟ ಬರೆಯುತ್ತಿದ್ದೆ, ಅದರಲ್ಲಿ ಮುಕ್ಕಾಲು ನಾನೇ ಹುಟ್ಟಿಸಿದ್ದು. ಕೊನೆಗೆ ಟೀಚರ್ ಒಂದು ಅವಕಾಶ ಕೊಟ್ಟರು: ಪರೀಕ್ಷೆಯ ಬದಲಿಗೆ ಎಲ್ಲರೆದುರು ಒಂದು ಭಾಷಣ. ಚೀಟಿ ಎತ್ತಿದಾಗ ನನಗೆ ಬಂದವನು ಗುಡಾಣದಲ್ಲಿ ವಾಸವಿದ್ದ ಗ್ರೀಕ್ ತತ್ವಜ್ಞಾನಿ.

"ಅವನ ಒಂದು ವಿಚಾರವನ್ನ ನೀನೇ ಮಾಡಿ ನೋಡು. ಆಮೇಲೆ ನಡೆದದ್ದನ್ನ ನಡೆದಷ್ಟೇ ಹೇಳು," ಎಂದರು ಟೀಚರ್. ಬಾಗಿಲ ತನಕ ಹೋದವರು ತಿರುಗಿ ನೋಡಿ ಮತ್ತೊಮ್ಮೆ ಹೇಳಿದರು, "ನಡೆದಷ್ಟೇ."

ಓದುತ್ತ ಹೋದ ಹಾಗೆ ನಾನು ಆ ಮನುಷ್ಯನಿಗೆ ಮರುಳಾಗಿಬಿಟ್ಟೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಅಥೆನ್ಸಿನ ಸಂತೆಯ ನಡುವೆ ದೊಡ್ಡ ಮಣ್ಣಿನ ಗುಡಾಣವನ್ನೇ ಮನೆ ಮಾಡಿಕೊಂಡಿದ್ದನಂತೆ. ಬಾಡಿಗೆ ಇಲ್ಲ, ನಮ್ಮ ಕಟ್ಟಡದ ಹಾಗೆ ಮೆಟ್ಟಿಲು ಗುಡಿಸುವ ಸರದಿ ಇಲ್ಲ. ಅವನ ಆಸ್ತಿಯೆಂದರೆ ಒಂದು ಕೋಲು, ಒಂದು ಜೋಳಿಗೆ, ಒಂದು ಬಟ್ಟಲು. ಒಂದು ದಿನ ಯಾರದೋ ಮಗು ಬೊಗಸೆಯಲ್ಲಿ ನೀರು ಕುಡಿಯುವುದನ್ನು ಕಂಡು, ಈ ಮಗು ನನ್ನನ್ನು ಸೋಲಿಸಿತಲ್ಲ ಎಂದು ಬಟ್ಟಲನ್ನೂ ಎಸೆದುಬಿಟ್ಟ. ಹಾಡುಹಗಲಲ್ಲಿ ದೀಪ ಹಿಡಿದು ಪ್ರಾಮಾಣಿಕ ಮನುಷ್ಯನನ್ನು ಹುಡುಕುತ್ತ ಅಲೆದ. ಲೋಕವನ್ನೇ ಗೆಲ್ಲಲು ಹೊರಟಿದ್ದ ರಾಜ ಎದುರಿಗೆ ಬಂದು ನಿಂತು, "ಏನು ಬೇಕೋ ಕೇಳು" ಅಂದಾಗ, "ಸ್ವಲ್ಪ ಸರಿ, ನನ್ನ ಬಿಸಿಲಿಗೆ ಅಡ್ಡ ನಿಂತಿದ್ದೀಯ" ಅಂದ. ಓದಿ ನಾನು ಮಂಚದ ಮೇಲೆ ಎದ್ದು ನಿಂತೆ. ಇಂಥ ಒಂದು ಮಾತು ಜೀವಮಾನದಲ್ಲಿ ಒಮ್ಮೆ ಹೇಳಿದರೂ ಸಾಕು, ಆಮೇಲೆ ಬಾಯಿ ಮುಚ್ಚಿಕೊಂಡೇ ಇದ್ದರೂ ನಡೆಯುತ್ತದೆ.

ನಾವಿರುವುದು ಅಬ್‌ಸ್ಟಾಟ್ ಎಂಬ ಸಣ್ಣ ಊರಿನಲ್ಲಿ, ಸುತ್ತ ದ್ರಾಕ್ಷಿ ತೋಟಗಳು. ಗುಡಾಣ ಸಿಗಲಿಲ್ಲ, ಆದರೆ ಕೆಳಗಿನ ಮನೆಯಲ್ಲಿರುವ ನಮ್ಮ ಮಾಲಕಿ ಅಜ್ಜಿಯ ಅಂಗಳದಲ್ಲಿ ಒಂದು ಕಡೆಯ ಮುಚ್ಚಳವಿಲ್ಲದ ಹಳೆಯ ವೈನ್ ಪೀಪಾಯಿ ಮಲಗಿತ್ತು. ಆನೆಯೊಂದು ಸಂಸಾರ ಸಮೇತ ಇರಬಹುದಾದಷ್ಟು ದೊಡ್ಡದು. ಸರಿ, ಆನೆಮರಿ. ಕೇಳಿದ್ದಕ್ಕೆ ಅಜ್ಜಿ ಹುಬ್ಬೇರಿಸಿ ಒಪ್ಪಿದರು. ಕಾರಿನ ಬ್ರೇಕು ಪರೀಕ್ಷಿಸುವ ಕೆಲಸದ ಅಪ್ಪ ಪೀಪಾಯಿಯ ಎರಡೂ ಬದಿಗೆ ಇಟ್ಟಿಗೆ ಕೊಟ್ಟು, ಒದ್ದು ನೋಡಿ, "ಇನ್ನು ಭೂಕಂಪ ಆದ್ರೂ ಉರುಳ್ಲಿಕ್ಕಿಲ್ಲ" ಎಂದು ಸರ್ಟಿಫಿಕೇಟು ಕೊಟ್ಟರು.

ಶನಿವಾರ ಬೆಳಗ್ಗೆ ಬರಿಗೈಯಲ್ಲಿ ಒಳಗೆ ಹೊಕ್ಕೆ. ಏನೂ ಬೇಡದೆ ಬದುಕುವುದು, ಅದು ನನ್ನ ಪ್ರಯೋಗ. ಐದು ನಿಮಿಷವೂ ಆಗಿರಲಿಲ್ಲ, ಅಮ್ಮ ದಿಂಬಿನೊಂದಿಗೆ ಬಂದರು.

"ಅಮ್ಮ, ಅವನ ಹತ್ರ ದಿಂಬು ಇರ್ಲಿಲ್ಲ."

"ಅವನಿಗೆ ಅಮ್ಮ ಇರ್ಲಿಲ್ವಾ? ಇದ್ದಿದ್ರೆ ಹೀಗೆ ಮಲಗ್ಲಿಕ್ಕೆ ಬಿಡ್ತಿದ್ರಾ?"

ದಿಂಬು ಒಳಗೆ ಹೋಯಿತು. ದಿಂಬಿನ ಹಿಂದೆ ರಜಾಯಿ ಬಂತು. ರಜಾಯಿಯ ಹಿಂದೆ ಉಣ್ಣೆಯ ಟೊಪ್ಪಿ, ಫ್ಲಾಸ್ಕಿನಲ್ಲಿ ಕಷಾಯ, ಬಟ್ಟಲೊಂದನ್ನು ಎಸೆದವನ ಶಿಷ್ಯೆಗೆ ಮೂರು ಲೋಟ.

"ಮೂರು ಎಂತಕ್ಕಮ್ಮ?"

"ಯಾರಾದ್ರೂ ಬಂದ್ರೆ ಮಾರಾಯ್ತಿ! ಬಂದವರಿಗೆ ಬರೇ ಬಾಯಲ್ಲಿ ಮಾತಾಡಿ ಕಳಿಸ್ಲಿಕ್ಕುಂಟಾ?"

ಕೊನೆಗೆ ಉಡುಪಿಯಿಂದ ಬಂದ ಚಕ್ಕುಲಿಯ ಡಬ್ಬಿ ಬಂತು. ಅಷ್ಟರಲ್ಲಿ ಪೀಪಾಯಿಯಲ್ಲಿ ಸಾಮಾನು ಮಾತ್ರ ಇತ್ತು, ತತ್ವಜ್ಞಾನಿಯ ಕಾಲು ಹೊರಗಿತ್ತು.

ಆಗ ಬಂದರು ಮಾಲಕಿ. ಮನೆಯೆದುರಿನ ರಸ್ತೆ ಗುಡಿಸುತ್ತಿದ್ದವರು ಪೊರಕೆ ಹಿಡಿದೇ ಬಂದು ಪೀಪಾಯಿಯ ಬಾಯಿಗೆ ಅಡ್ಡ ನಿಂತರು. ಇದ್ದ ಒಂದು ತುಂಡು ಬಿಸಿಲೂ ಹೋಯಿತು. ಬಗ್ಗಿ ನೋಡಿ ಕೇಳಿದರು, "ಏನಾದ್ರೂ ಬೇಕಾ?"

ರಾಜ ಕೇಳಿದ್ದ ಅದೇ ಪ್ರಶ್ನೆ! ಉತ್ತರವನ್ನು ಕನ್ನಡಿಯೆದುರು ವಾರವಿಡೀ ಅಭ್ಯಾಸ ಮಾಡಿದ್ದೆ. ಬಾಯಿ ತೆರೆದೆ. ಮಾತು ಗಂಟಲ ತನಕ ಬಂತು. ಅಜ್ಜಿಯ ಬಿಳಿ ಕೂದಲು ಕಂಡಿತು. ಮೇಲಿನ ಬಾಲ್ಕನಿಯಿಂದ ಅಮ್ಮನ ಕೂಗು ಕೇಳಿತು: "ಹೇ ಹೆಣ್ಣೇ, ಅವರಿಗೊಂದು ಚಕ್ಕುಲಿ ಕೊಡು!"

ಕೊಟ್ಟೆ. ಕಷಾಯವನ್ನೂ ಕೊಟ್ಟೆ. ಅಜ್ಜಿ ಅಲ್ಲೇ ಇಟ್ಟಿಗೆಯ ಮೇಲೆ ಕೂತು ಎರಡನ್ನೂ ಮುಗಿಸಿದರು. ನಾನು ನೆರಳಲ್ಲಿ ನಡುಗುತ್ತ ಕೂತೆ.

ಭಾಷಣದ ದಿನ ಟೀಚರ್ ಕ್ಲಾಸಿಗೆ ಒಂದು ಅಪ್ಪಣೆ ಕೊಟ್ಟರು: ಆ ಪೀರಿಯಡ್ಡಿಗೆ ಮಾತ್ರ ಎಲ್ಲರೂ ಫೋನು ತೆಗೆಯಬಹುದು, ಇವಳು ಉಬ್ಬಿಸಿ ಹೇಳುತ್ತಿದ್ದಾಳೆ ಅನ್ನಿಸಿದರೆ ಅದರ ಟಾರ್ಚ್ ಹಾಕಬಹುದು. ಗ್ರೀಕನ ದೀಪವನ್ನು ನನ್ನ ಮುಖಕ್ಕೇ ಹಿಡಿಯುವ ಏರ್ಪಾಡು.

"ಹಿಮ ಬೀಳುತ್ತಿತ್ತು, ನಾನು ಎರಡು ರಾತ್ರಿ..." ಅಂದೆ.

ಟಾರ್ಚುಗಳೆಲ್ಲ ಒಟ್ಟಿಗೆ ಹತ್ತಿದವು. ನನ್ನ ನೆರಳು ಕಪ್ಪು ಹಲಗೆಯ ಮೇಲೆ ರಾವಣನ ಹಾಗೆ ಎದ್ದಿತು.

"ಏಪ್ರಿಲ್ಲಲ್ಲಿ ಎಲ್ಲಿಯ ಹಿಮ?" ಹಿಂದಿನ ಬೆಂಚು ಕೂಗಿತು.

"ಸರಿ, ಬೆಳಗ್ಗೆ ಎರಡು ಗಂಟೆ ಹೊತ್ತು," ಅಂದೆ. ಅರ್ಧ ಆರಿದವು. "ದಿಂಬು ಇತ್ತು," ಅಂದೆ. ಇನ್ನಷ್ಟು ಆರಿದವು. ರಜಾಯಿ, ಟೊಪ್ಪಿ, ಮೂರು ಲೋಟ ಎಲ್ಲ ಹೊರಬಂದವು, ಉಳಿದ ಟಾರ್ಚುಗಳೂ ಆರಿದವು. ವಿಚಿತ್ರವೆಂದರೆ, ಏನೂ ಸೇರಿಸದೆ ಹೇಳಿದಾಗಲೇ ಕ್ಲಾಸು ಹೆಚ್ಚು ನಕ್ಕಿತು. ಇಷ್ಟು ವರ್ಷ ನಾನು ಬೆವರು ಸುರಿಸಿ ಉಬ್ಬಿಸಿದ್ದೆಲ್ಲ ದಂಡವಾಯಿತಲ್ಲ ಎಂದು ಹೊಟ್ಟೆ ಉರಿಯಿತು.

"ಮಾಲಕಿ ಬಿಸಿಲಿಗೆ ಅಡ್ಡ ನಿಂತಾಗ ಏನಂದೆ?" ಟೀಚರ್ ಕೇಳಿದರು.

ಸುಳ್ಳೊಂದು ನಾಲಿಗೆಯ ತುದಿಯಲ್ಲೇ ಸಿದ್ಧವಿತ್ತು, ಅದೂ ತುಂಬ ಚಂದದ್ದು. ಕಸದ ಬುಟ್ಟಿಯ ಪಕ್ಕದ ಕುರ್ಚಿ ಕಣ್ಣಿಗೆ ಬಂತು.

"ಚಕ್ಕುಲಿ ತಗೊಳ್ಳಿ ಅಂದೆ," ಎಂದೆ. "ತಲೆ ತೆಗೆಸಬಹುದಾಗಿದ್ದ ರಾಜನಿಗೆ ಆ ಗ್ರೀಕ ಹೇಳಿದ ಮಾತನ್ನ ಪೊರಕೆ ಹಿಡಿದ ಅಜ್ಜಿಗೆ ಹೇಳ್ಲಿಕ್ಕೆ ನನ್ನಿಂದ ಆಗ್ಲಿಲ್ಲ. ಅವನೂ ನನ್ನ ಹಾಗೆ ಶೋ ಮಾಡುವವನು ಅಂದ್ಕೊಂಡಿದ್ದೆ. ಅಲ್ಲ. ಅವನಿಗೆ ಯಾರಿಂದ್ಲೂ ಏನೂ ಬೇಕಿರ್ಲಿಲ್ಲ, ಚಪ್ಪಾಳೆ ಕೂಡ. ನಂಗೆ ಬೇಕು."

ಒಂದು ಟಾರ್ಚೂ ಹತ್ತಲಿಲ್ಲ. ಜೀವನದಲ್ಲಿ ಮೊದಲ ಸಲ ಕತ್ತಲೆ ನನಗೆ ಇಷ್ಟು ಹಿತವಾಯಿತು. ಟೀಚರ್ ಎರಡು ಎಂದು ಬರೆದರು. ಬೆಳ್ಳಿ.

ಹೊರಗೆ ಕಾರಿಡಾರಿನ ದೊಡ್ಡ ಕಿಟಕಿಗೆ ಬೆನ್ನು ಕೊಟ್ಟು ತಮ್ಮ ಕಾಯುತ್ತಿದ್ದ, ಕಸದ ಬುಟ್ಟಿಯ ಪಕ್ಕದ ಕುರ್ಚಿಯ ಸುದ್ದಿ ಹೇಳಲು ಹಲ್ಲು ಕಿರಿದುಕೊಂಡು.

"ಎಂತಾಯ್ತಕ್ಕ? ಎಂತಾದ್ರೂ ಹೆಲ್ಪ್ ಬೇಕಾ?"

ಅವನ ಉದ್ದ ನೆರಳು ನನ್ನ ಮೇಲೆ ಬಿದ್ದಿತ್ತು. ನನಗೆ ಆಗ ನಿಜಕ್ಕೂ ಏನೂ ಬೇಕಿರಲಿಲ್ಲ.

"ಸ್ವಲ್ಪ ಆಚೆ ಸರಿ ಮಾರಾಯ," ಅಂದೆ, "ಬಿಸಿಲು ಬರ್ಲಿ."