ದಬ್ಬಣದ ಕೆಳಗಿನ ಕೆಲಸ

ನಮ್ಮ ಬೀದಿಯಲ್ಲಿ ಅವನನ್ನು ಈಗ ಎಲ್ಲರೂ ಮಿಲಿಟ್ರಿ ಅನ್ನುತ್ತಾರೆ. ಮೊದಲು ಕಡ್ಡಿ ಅನ್ನುತ್ತಿದ್ದರು. ಮೈಮೇಲೆ ಮಾಂಸವೇ ಇಲ್ಲದ ಹುಡುಗ. ಹಾಸಿಗೆ ಹೊಲಿಯುವವನ ಬೆಂಚಿನ ಕೆಳಗೆ ತೂರಿ ಕೂರಲು ಅಂಥವನೇ ಬೇಕಿತ್ತು.

ಹಾಸಿಗೆ ಹೊಲಿಯುವವನೂ ಅವನ ಓರಗೆಯವನೇ. ಹತ್ತಿಯ ಎಳೆ ಅಂಟಿ ಅಂಟಿ ಹನ್ನೆರಡನೇ ವಯಸ್ಸಿಗೇ ಅವನ ತಲೆ, ಹುಬ್ಬು ಎಲ್ಲ ಬೆಳ್ಳಗೆ ಕಾಣುತ್ತಿದ್ದರಿಂದ ತಾತ ಎಂದೇ ಹೆಸರು ಬಿದ್ದಿತ್ತು. ಹಾಸಿಗೆಗೆ ಟಾಕು ಹಾಕುವುದು ಇಬ್ಬರ ಕೆಲಸ. ತುಂಬಿದ ಹಾಸಿಗೆಯನ್ನು ಎರಡು ಬೆಂಚುಗಳ ಮೇಲೆ ಅಡ್ಡ ಹಾಕಿ, ಮೇಲೆ ನಿಂತವನು ಉದ್ದನೆಯ ದಬ್ಬಣ ಇಳಿಸಬೇಕು. ಕೆಳಗೆ ಕೂತವನು ಅದನ್ನು ಹಿಡಿದು, ದಾರ ಬಿಗಿದು, ಮೇಲಕ್ಕೆ ಕಳಿಸಬೇಕು. ಇಳಿಸುವ ಮುಂಚೆ ಮೇಲಿನವನು "ಬಂತು" ಅನ್ನಬೇಕು. ಕೆಳಗಿನವನು ಕೈ ತೆಗೆದು "ಬರ್ಲಿ" ಅನ್ನಬೇಕು. ಬೀದಿಗೆಲ್ಲ ಕೇಳುತ್ತಿತ್ತು ಅದು. ತಾತ ಬೇರೆ ಜನದವನು, ಅವನ ದೇವರೂ ಬೇರೆ. ಆಗ ಯಾರೂ ಅದನ್ನು ಕೆದಕಲು ಹೋಗುತ್ತಿರಲಿಲ್ಲ. ಎಲ್ಲರ ಬೆನ್ನಿಗೂ ಅವನ ಹಾಸಿಗೆಯೇ ತಾನೆ?

ಕಡ್ಡಿ ಸೈನ್ಯಕ್ಕೆ ಸೇರಿದ. ದೇಶಭಕ್ತಿ ಗೀಶಭಕ್ತಿ ಏನೂ ಅಲ್ಲ, ಹೊಟ್ಟೆಪಾಡು. ಹೊರಡುವ ದಿನ ತಾತ ಹೇಳಿದ್ದನಂತೆ: "ಹೋಗಿ ಸಾಯ್ಬೇಡ ಕಣೋ. ವಾಪಸ್ ಬಂದ್ರೆ ಅಂಗಡಿ ಇಬ್ರದ್ದೂ. ಸತ್ರೆ ನನ್ನೊಬ್ಬನದೇ."

ಆ ಮಾತು ಹಿಡಿದುಕೊಂಡು ಅವನು ಹದಿನೇಳು ವರ್ಷ ತೆಗೆದ. ರಜೆಗೆ ಬಂದಾಗಲೂ ಮನೆಗಿಂತ ಬೆಂಚಿನ ಕೆಳಗೇ ಹೆಚ್ಚು ಇರುತ್ತಿದ್ದ. ಕೊನೆಯ ಮೂರು ವರ್ಷ ಮಾತ್ರ ಗಡಿಯಲ್ಲಿ ಗುಂಡು ನಿಲ್ಲಲಿಲ್ಲ, ರಜೆ ಸಿಗಲಿಲ್ಲ. ತಾತನ ಹತ್ತಿರ ಫೋನಿರಲಿಲ್ಲ. ಮನೆಗೆ ಮಾಡಿದಾಗಲೆಲ್ಲ ತಮ್ಮನನ್ನು ಕೇಳುತ್ತಿದ್ದ. "ಚೆನ್ನಾಗಿದಾನೆ ಕಣಣ್ಣ, ನಿನ್ನನ್ನೇ ಕೇಳ್ತಿರ್ತಾನೆ" ಅನ್ನುತ್ತಿದ್ದ ತಮ್ಮ.

ಬಂದಿಳಿದ ದಿನ ಬೀದಿಯ ಬಾಯಲ್ಲೇ ಜನ ನಿಂತಿದ್ದರು. ಚಪ್ಪಾಳೆ, ಸೆಲ್ಫಿ. ಮೈಗೆ ಒಂದು ಗೀರೂ ಇಲ್ಲದೆ ಬಂದನಲ್ಲ ಎಂದು ಕೆಲವರಿಗೆ ಕೊಂಚ ನಿರಾಸೆಯೂ ಆದಂತಿತ್ತು. ತಮ್ಮ ಅವನನ್ನು ನೇರ ತಾತನ ಅಂಗಡಿ ಮುಂದೆ ತಂದು ನಿಲ್ಲಿಸಿದ. ಬಾಗಿಲಿಗೆ ಹೊಸ ಬಣ್ಣ, ಹೊಸ ಬೀಗ. ಮೇಲೆ ದೊಡ್ಡ ಫೋಟೊ: ಯೂನಿಫಾರ್ಮಿನಲ್ಲಿ ಇವನೇ.

"ತಗೋ ಅಣ್ಣ," ತಮ್ಮ ಬೀಗದ ಕೈಯನ್ನು ಅಂಗೈಯಲ್ಲಿಟ್ಟ. "ಹಾಸಿಗೆ ಅಂಗಡಿ ನಡೆಸ್ತೀನಿ ಅಂತಿದ್ಯಲ್ಲ. ಬೇರೆಯವರ ಪಾಲಾಗದ ಹಾಗೆ ಹಿಡಿದಿಟ್ಟಿದೀನಿ."

"ತಾತ ಎಲ್ಲಿ?"

"ಅವ್ನಾ? ಅವನ ಜನದ ಹತ್ರ ಹೋದ. ಅವನಿಗೂ ಅದೇ ಬೇಕಿತ್ತು."

"ಯಾವಾಗ?"

ತಮ್ಮ ಫೋಟೊ ನೋಡುತ್ತ ನಿಂತ. ಕೊನೆಗೆ, ಮನೆಗೆ ಹೋದ ಮೇಲೆ, ಹೇಳಿದವಳು ತಾಯಿ. "ಮೂರು ವರ್ಷ ಆಯ್ತು ಕಣೋ. ನಿಮ್ಮ ಕಡೆ ಗುಂಡು ಹಾರಿದ ಸುದ್ದಿ ಬಂತಲ್ಲ, ಆ ವಾರ. ನಮ್ಮ ಹುಡುಗ ಅಲ್ಲಿ ಸಾಯ್ತಿದಾನೆ, ಇವ್ರು ಇಲ್ಲಿ ಬೆಚ್ಚಗಿದಾರೆ ಅಂತ ಶುರು ಮಾಡಿದ್ರು. ನಿನ್ನ ಫೋಟೋನೇ ಮುಂದೆ ಹಿಡ್ಕೊಂಡು ಅವನ ಅಂಗಡಿಗೆ ನುಗ್ಗಿದ್ರು."

"ಫೋಟೊ ಯಾರು ಕೊಟ್ಟಿದ್ದು?"

"ಕೇಳಿದ್ರು, ಕೊಟ್ಟೆ," ಅಂದ ತಮ್ಮ. "ಕೊಡದಿದ್ರೆ ನಮ್ಮನೆ ಕಿಟಕಿ ಉಳೀತಿತ್ತಾ? ನಿನ್ನ ಕೈಯಲ್ಲಾದ್ರೆ ಬಂದೂಕಿತ್ತು. ಇಲ್ಲಿದ್ದೋನು ನಾನು."

ಅದೂ ಸುಳ್ಳಲ್ಲ. ಆ ದಿನ ಬೀದಿಯಲ್ಲಿ ಉಸಿರೆತ್ತಿದವರು ಯಾರೂ ಇಲ್ಲ. ವರ್ಷಗಟ್ಟಲೆ ಧಿಕ್ಕಾರ ಕೂಗಿ ಗಂಟಲು ಹರಿದುಕೊಂಡಿದ್ದ ನಾವು, ಸಂಘದವರು, ಪಕ್ಕದ ಊರಿನಲ್ಲಿ ಸಭೆ ಮಾಡುತ್ತಿದ್ದೆವು. ಸಮಾನತೆಯ ಮೇಲೆ. ಮರುದಿನ ಬಂದು ಖಂಡನೆ ಬರೆಯುವ ಹೊತ್ತಿಗೆ ತಾತ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ, ಹೆಂಡತಿ ಮಗಳೊಂದಿಗೆ ಊರಾಚೆ ಸೇರಿಯಾಗಿತ್ತು. ಈಗ ಬೀದಿಗೆಲ್ಲ ಬೆನ್ನುನೋವು. ಆಗಾಗ ಹಿಂಜಿ ತುಂಬದಿದ್ದರೆ ಹತ್ತಿ ಗಂಟು ಕಟ್ಟುತ್ತದೆ.

ವಿಳಾಸಕ್ಕಾಗಿ ಅವನು ನನ್ನ ಬಳಿ ಬಂದ. "ಯಾರು ಎಲ್ಲಿಗೆ ಓಡಿಹೋದ್ರು ಅಂತ ನಿಮ್ಮ ಸಂಘದಲ್ಲಿ ಬರೆದಿಟ್ಟಿರ್ತೀರಲ್ಲಣ್ಣ" ಅಂದ. ಚುಚ್ಚಿದನೋ, ಸುಮ್ಮನೆ ಅಂದನೋ. ಬರೆದಿಟ್ಟದ್ದಂತೂ ನಿಜ. ಕೊಟ್ಟೆ. ಬೀಗದ ಕೈ ಜೇಬಿಗೆ ಹಾಕಿಕೊಂಡು ಹೋದ. ಅಲ್ಲಿ ನಡೆದದ್ದು ಅವನೇ ಆಮೇಲೆ ಹೇಳಿದ್ದು.

ಟೈರು ರಿಪೇರಿಯವನ ಹಿಂದೆ ಒಂದು ತಗಡಿನ ಶೆಡ್ಡು. ತಾತನ ತಲೆ ಈಗ ನಿಜವಾಗಿಯೇ ನೆರೆತಿತ್ತು. ಇವನನ್ನು ಕಂಡು ಎದ್ದು ನಿಂತು, "ಬನ್ನಿ. ಯಾವಾಗ ಬಂದ್ರಿ? ಅಮ್ಮ ಹುಷಾರಾ?" ಅಂದ.

ಬನ್ನಿಯಂತೆ! ಬೆಂಚುಗಳ ಮೇಲೆ ಅರ್ಧ ಟಾಕು ಹಾಕಿದ ಹಾಸಿಗೆಯಿತ್ತು. ಇವನು ಬಗ್ಗಿ ಕೆಳಗೆ ತೂರಿದ. ಈಗ ಕಡ್ಡಿಯಲ್ಲವಲ್ಲ, ಮಂಡಿ ಲಟಕ್ಕೆಂದಿತು, ತಲೆ ಬೆಂಚಿಗೆ ಬಡಿಯಿತು. ಮೇಲಿಂದ ದಬ್ಬಣ ಇಳಿಯಿತು, ನೆಟ್ಟಗೆ ಇವನ ಅಂಗೈಗೆ.

"ಲೋ ಕಡ್ಡಿ! ಕೈ ತೆಗೀಬಾರ್ದೇನೋ ಕತ್ತೆ!"

"ನೀನು ಬಂತು ಅಂದ್ಯಾ?"

ತಾತ ಕೆಳಗೆ ಬಗ್ಗಿ ರಕ್ತ ನೋಡಿದ. ಹತ್ತಿಯ ಉಂಡೆ ಒತ್ತಿ, ಬಟ್ಟೆ ಚೂರು ಬಿಗಿಯುತ್ತ ಹೇಳಿದ: "ಅಭ್ಯಾಸ ತಪ್ಪಿಹೋಗಿದೆ. ಮೂರು ವರ್ಷದಿಂದ ಕೆಳಗೆ ಯಾರೂ ಇರ್ಲಿಲ್ಲ. ನಾನೇ ಚುಚ್ತೀನಿ, ನಾನೇ ಬಗ್ಗಿ ಎಳ್ಕೋತೀನಿ."

ಇವನು ಬೀಗದ ಕೈ ತೆಗೆದು ಬೆಂಚಿನ ಮೇಲಿಟ್ಟ. "ಇಬ್ರದ್ದೂ ಅಂದಿದ್ದೆ. ಬಾ, ಹೋಗೋಣ."

ತಾತ ಅದನ್ನು ಮುಟ್ಟಲಿಲ್ಲ. "ಆವತ್ತು ಬಾಗಿಲು ಮುರಿದಾಗ ಮೊದಲು ಒಳಗೆ ಬಂದಿದ್ದು ನಿನ್ನ ಮುಖ ಕಣೋ. ಒಂದು ಗಳಿಗೆ ನೀನೇ ಬಂದೆ ಅಂದ್ಕೊಂಡೆ. ಖುಷಿಯಾಯ್ತು." ಗಂಟು ಹಾಕಿ ಮುಗಿಸಿದ. "ನನ್ನ ಮಗಳು ಈಗಲೂ ಯೂನಿಫಾರ್ಮು ಕಂಡ್ರೆ ನಿಂತಲ್ಲೇ ಉಚ್ಚೆ ಹೊಯ್ಕೋತಾಳೆ. ಎಲ್ಲಿಗೆ ಬರ್ಲಿ?"

ತಾತ ಬೀಗದ ಕೈಯನ್ನು ದಬ್ಬಣದ ತುದಿಯಿಂದ ಇವನ ಕಡೆ ಸರಿಸಿದ. "ಇಂಜೆಕ್ಷನ್ ತಗೊಳ್ಳಿ, ದಬ್ಬಣ ತುಕ್ಕು ಹಿಡಿದಿದೆ. ಇನ್ನು ಬರೋಕೆ ಹೋಗ್ಬೇಡಿ."

ಬೀದಿಗೆ ವಾಪಸ್ ಬಂದವನೇ ಅಂಗಡಿಗೆ ಏಣಿ ಹಾಕಿ, ಪಟ್ಟಿ ಕಟ್ಟಿದ ಕೈಯಲ್ಲೇ ಫೋಟೊ ಇಳಿಸಿದ. ಎದುರಿನ ಟೀ ಅಂಗಡಿಯವನು, "ಯಾಕ್ರೀ ಮಿಲಿಟ್ರಿ, ಒಳ್ಳೆ ಹೀರೋ ಥರಾ ಇತ್ತಲ್ಲ" ಅಂದ. "ಒಂದ್ಸಲ ಬಿದ್ದಿದೆ ಒಬ್ಬರ ಮೇಲೆ," ಅಂದ ಇವನು. ಅಂಗಡಿ ಇವತ್ತಿಗೂ ತೆರೆದಿಲ್ಲ.

ಮೊನ್ನೆ ಅವನ ಮನೆಗೆ ಹೋಗಿದ್ದೆ. ತಾಯಿಯ ಹಾಸಿಗೆ ಬಿಚ್ಚಿ ಹತ್ತಿಯ ಗಂಟುಗಳನ್ನು ಬೆರಳಲ್ಲಿ ಬಿಡಿಸುತ್ತಿದ್ದ. ಹಿಂಜಲು ಬಾರದು. ಕಲಿತದ್ದು ಕೆಳಗಿನ ಕೆಲಸ ಮಾತ್ರ. ಹೇಗೋ ತುಂಬಿ, ಎರಡು ಮೇಜುಗಳ ಮೇಲೆ ಹಾಕಿ, ದಬ್ಬಣ ಹಿಡಿದು ನಿಂತ. ತಮ್ಮ ಬಾಗಿಲಲ್ಲೇ ನಿಂತಿದ್ದ.

"ಕೆಳಗೆ ನಾನು ಕೂರ್ಲಾ ಅಣ್ಣ?"

"ಬೇಡ. ಚುಚ್ಚುತ್ತೆ."

"ಬಂತು" ಅಂದ, ದಬ್ಬಣ ಇಳಿಸಿದ. ಆಮೇಲೆ ಮಂಡಿ ಹಿಡಿದುಕೊಂಡು ಕೆಳಗೆ ತೂರಿ, ತಾನೇ ಎಳೆದುಕೊಂಡ.