ಮೂರು ಬೆರಳಿನ ಎಲೆ

ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಪುಸ್ತಕದ ಚೌಕದೊಳಗೆ ಗೆರೆ ಎಳೆಯಲು ಕೂತಿದ್ದೇನೆ. ಕೂತಿದ್ದೇನೆ ಎನ್ನುವುದೂ ಪೂರ್ತಿ ನಿಜವಲ್ಲ. ನಾಲ್ಕು ಗೆರೆ ಎಳೆದು, ಟ್ಯಾಂಕಿಯಲ್ಲಿ ನೀರು ಇದೆಯೇ ಎಂದು ನೋಡಿ ಬರುತ್ತೇನೆ. ಇನ್ನೆರಡು ಎಳೆದು, ಗೇಟು ಹಾಕಿದ್ದೇನೋ ಇಲ್ಲವೋ ಎಂದು ಏಳುತ್ತೇನೆ. ನಮ್ಮ ಮನೆಯ ಟ್ಯಾಂಕಿಯ ನೀರನ್ನು ಇಷ್ಟು ಅಕ್ಕರೆಯಿಂದ ಯಾರೂ ಕಾಯ್ದಿರಲಿಕ್ಕಿಲ್ಲ.

ಪುಸ್ತಕ ಕೊಟ್ಟವಳು ಮಗಳು. ಇದಕ್ಕೆ ಡೂಡಲ್ ಎನ್ನುತ್ತಾರಂತೆ. ಒಂದು ಚೌಕ ಹಾಕಿ, ಒಳಗೆ ಒಂದೇ ನಮೂನೆಯನ್ನು ಮತ್ತೆ ಮತ್ತೆ ಬಿಡಿಸುತ್ತಾ ಹೋದರೆ ಮರೆತ ಕೈ ವಾಪಸು ಬರುತ್ತದಂತೆ. "ದಿನಕ್ಕೊಂದ್ ಪುಟ ಅಪ್ಪಯ್ಯ. ಎಂತ ಬಂದ್ರೂ ಅಡ್ಡಿಲ್ಲೆ. ಅಳ್ಸುಕ್ ಮಾತ್ರ ಆಗ" ಎಂದಳು. ಅಳಿಸದೆ ಬದುಕುವುದು ಎಷ್ಟು ಕಷ್ಟ ಎಂದು ಅವಳಿಗೆ ಇನ್ನೂ ಗೊತ್ತಿಲ್ಲ.

ನನ್ನ ಕೈಗೆ ಒಂದು ಕಾಲದಲ್ಲಿ ಹೆಸರಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು; ಆದರೆ ನಾವುಂದದ ಕಡೆಯ ದೋಣಿಗಳ ಮೂತಿಗೆ ಹೂವು ಬಳ್ಳಿ ಬರೆಯಲು ನನ್ನನ್ನೇ ಕರೆಯುತ್ತಿದ್ದರು. ಈಗ ಸ್ಟಿಕ್ಕರ್ ಬಂದಿದೆ. ಯಂತ್ರ ಕತ್ತರಿಸಿ ಕೊಡುತ್ತದೆ, ಅಂಟಿಸಿದರೆ ಮುಗಿಯಿತು. ನಾನು ಕೋಟೇಶ್ವರದ ಪೇಂಟ್ ಅಂಗಡಿಯೊಂದರಲ್ಲಿ ಬಣ್ಣ ಕಲಸುವ ಯಂತ್ರದ ಗುಂಡಿ ಒತ್ತುತ್ತೇನೆ. ಆರು ವರ್ಷದಿಂದ ಬಣ್ಣದ ನಡುವೆಯೇ ಇದ್ದು ಕುಂಚ ಮುಟ್ಟಿಲ್ಲ. ಸಂಜೆ ಹೊತ್ತಿಗೆ ಬೆರಳುಗಳು ತಾವಾಗಿಯೇ ತೊಡೆಯ ಮೇಲೆ ಏನೋ ಬರೆಯುತ್ತಿರುತ್ತವೆ.

ಪುಸ್ತಕದ ಹನ್ನೊಂದನೆಯ ಪುಟದಲ್ಲಿ ಆ ಬೆರಳಿಗೆ ಹಳೆಯ ಬಳ್ಳಿ ಸಿಕ್ಕಿತು. ಅಲೆಯಂತೆ ಏರಿ ಇಳಿಯುವ ಬಳ್ಳಿ, ತಿರುವು ತಿರುವಿಗೂ ಮೂರು ಬೆರಳಿನ ಎಲೆ. ಇದು ನನ್ನ ಗುರುತಾಗಿತ್ತು. ಇದು ಯಾವ ಮರದ ಎಲೆ ಎಂದು ಒಬ್ಬ ಮಾಸ್ತರರು ಕೇಳಿದಾಗ ಬಿಲ್ವಪತ್ರೆ ಎಂದುಬಿಟ್ಟಿದ್ದೆ. ಅಂದಿನಿಂದ ಕೆಲವರು ಕಡಲಿಗಿಳಿಯುವ ಮೊದಲು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಒಬ್ಬರಂತೂ ಎಡಕ್ಕೂ ಬೇಕು, ಬಲಕ್ಕೂ ಬೇಕು ಎಂದು ಹಟ ಹಿಡಿದಿದ್ದರು.

ಮಗಳು ಬಗ್ಗಿ ನೋಡಿದಳು. "ಇದೆಂತ ಅಪ್ಪಯ್ಯ, ಕೋಳಿ ಕಾಲಾ?"

ನಗಲು ಹೊರಟವನಿಗೆ ನಗು ಬರಲಿಲ್ಲ. ಅದು ಕೋಳಿ ಕಾಲೇ ಆಗಿತ್ತು.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ಆ ಬಳ್ಳಿ ನನ್ನದಲ್ಲ, ಅಕ್ಕನದು. ನನಗಿಂತ ನಾಲ್ಕು ವರ್ಷ ದೊಡ್ಡವಳು. ತುಳಸಿ ಪೂಜೆಗೆ ಸಗಣಿ ಸಾರಿಸಿದ ಅಂಗಳದಲ್ಲಿ ಬಿಳಿ ಶೇಡಿ ಮಣ್ಣು ಕಲಸಿ ಅವಳು ಬರೆದದ್ದನ್ನು, ಮರುದಿನ ಅಂಗಳ ಗುಡಿಸುವ ಮೊದಲು ನಾನು ಹಳೆಯ ಪೇಪರಿನ ಮೇಲೆ ಇಳಿಸಿಕೊಂಡಿದ್ದೆ. ಅಷ್ಟರೊಳಗೆ ನಮ್ಮ ಕೆಂಪು ಹೇಂಟೆ ಹಸಿ ಶೇಡಿ ತುಳಿದು ಬಳ್ಳಿಯ ಪಕ್ಕದಲ್ಲೇ ಓಡಾಡಿತ್ತು. ಕದಿಯುವವನಿಗೆ ಅವಸರ, ಯಾವುದು ಅಕ್ಕ ಬರೆದದ್ದು, ಯಾವುದು ಕೋಳಿ ತುಳಿದದ್ದು ಎಂದು ನೋಡುವ ತಾಳ್ಮೆ ಎಲ್ಲಿ?

ಕದ್ದದ್ದಾದರೂ ಹೋಗಲಿ. ಒಂದು ದಿನ ದೋಣಿಯ ಯಜಮಾನರೊಬ್ಬರು ಮನೆಗೆ ಬಂದು, "ಈ ಬಳ್ಳಿ ಎಲ್ ಕಲ್ತದ್ದಾ?" ಎಂದು ಕೇಳಿದರು. "ಎಲ್ಲೂ ಅಲ್ಲ, ನನ್ ತಲೆಯೊಳ್ಗಿಂದ ಬಂದದ್" ಎಂದೆ. ಅಕ್ಕ ಅವರಿಗೆ ಚಾ ಕೊಡುತ್ತಾ ನಿಂತಿದ್ದಳು. ಮುಂದಿನ ವರ್ಷದ ತುಳಸಿ ಪೂಜೆಗೆ ಹೊಸ್ತಿಲ ಹತ್ತಿರ ಎರಡು ಗೆರೆ ಎಳೆದು ಎದ್ದಳು. ಅಮ್ಮ ಕೇಳಿದ್ದಕ್ಕೆ ಕೈ ನೋವು ಎಂದಳು. ಆ ಕೈ ನೋವು ಮದುವೆಯಾಗಿ ಸಾಸ್ತಾನಕ್ಕೆ ಹೋದ ಮೇಲೂ ಹೋಗಲಿಲ್ಲ.

ಭಾನುವಾರ ಪುಸ್ತಕವನ್ನೂ ಪೆನ್ಸಿಲನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಅಕ್ಕನ ಜಗಲಿಯಲ್ಲಿ ಕೂತೆ, ಎದ್ದೆ, ಮತ್ತೆ ಕೂತೆ.

"ಕೂಕೋ ಮಾರಾಯ. ಕಾಲಿಗ್ ಇರುವೆ ಹತ್ತಿತ್ತಾ?" ಎಂದಳು. ಪುಸ್ತಕ ಕೊಟ್ಟೆ. ಪುಟ ತಿರುವುತ್ತಾ, "ಬಿಟ್ಟ್ ಶಾಲೆಗೆ ಮತ್ ಸೇರ್ದ್ಯಾ?" ಎಂದಳು. ಹನ್ನೊಂದನೆಯ ಪುಟಕ್ಕೆ ಬಂದು ನಿಂತಳು.

ನಾನು ಹೇಳಿದೆ. ಪೇಪರು, ಹೇಂಟೆ, ಬಿಲ್ವಪತ್ರೆ ಎಲ್ಲ. ಹೇಂಟೆಯ ಸುದ್ದಿಗೆ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ನಗುವಿನ ಧೈರ್ಯದಲ್ಲಿ ಚಾ ಕೊಟ್ಟ ದಿನದ ಮಾತನ್ನೂ ಎತ್ತಿದೆ. ನಗು ನಿಂತಿತು.

"ಅವತ್ತೇ ನೀ ಹೇಳ್ಕಿದ್ದಿತ್" ಎಂದಳು. ಅಷ್ಟೇ. ಪುಟದ ಮೇಲೆ ಬೆರಳಿಟ್ಟು ತೋರಿಸಿದಳು. "ಬಳ್ಳಿ ನಂದ್. ಎಲೆ ಹೇಂಟೆದ್. ಇದ್ರಗೆ ನಿಂದ್ ಯಾವ್ದಾ?"

ಹೊರಡುವಾಗ ಪುಸ್ತಕಕ್ಕೆ ಕೈ ಚಾಚಿದೆ. ಅವಳು ಕೊಡಲಿಲ್ಲ. "ಇಲ್ಲಿರ್ಲಿ. ಖಾಲಿ ಪುಟ ಸುಮಾರ್ ಇತ್ತ್" ಎಂದು ಒಳಗೆ ತೆಗೆದುಕೊಂಡು ಹೋದಳು. ಪೆನ್ಸಿಲನ್ನೂ ಇಟ್ಟುಕೊಂಡಳು.

ತಪ್ಪು ಒಪ್ಪಿಕೊಂಡರೆ ಎದೆ ಹಗುರಾಗುತ್ತದೆ ಎಂದು ಕೇಳಿದ್ದೆ. ಬಸ್ಸಿನಲ್ಲಿ ಕೂತು ನೋಡಿಕೊಂಡೆ. ಹಗುರಾದದ್ದು ಚೀಲ ಮಾತ್ರ.

ಮಗಳಿಗೆ ಹೇಳಿ ಇನ್ನೊಂದು ಪುಸ್ತಕ ತರಿಸಿದ್ದೇನೆ. ಗೆರೆ ಎಳೆದಂತೆಲ್ಲ ಅಕ್ಕನ ಪ್ರಶ್ನೆ ಕೇಳಿಸುತ್ತದೆ. ಬಳ್ಳಿ ಬಂದರೆ ಅವಳದು, ಎಲೆ ಬಂದರೆ ಹೇಂಟೆಯದು, ಎಂದು ಬಿಡುತ್ತಾ ಹೋದರೆ ಚೌಕವೇ ಖಾಲಿ. ನಿನ್ನೆ ಮಾತ್ರ ಒಂದು ಗೆರೆ ಸಿಕ್ಕಿತು. ಅರ್ಧ ಎಳೆದವನಿಗೆ ಟ್ಯಾಂಕಿಯ ನೆನಪಾಗಿ ಪೆನ್ಸಿಲು ಎತ್ತದೆಯೇ ಎದ್ದಿದ್ದೆ; ಗೆರೆ ಸೊಟ್ಟಗಾಗಿ ಚೌಕ ದಾಟಿ ಪುಟದ ಅಂಚಿನವರೆಗೆ ಓಡಿತ್ತು. ಇಂಥದ್ದನ್ನು ಅಕ್ಕ ಎಂದೂ ಬರೆದವಳಲ್ಲ. ಹೇಂಟೆಯೂ ಇಷ್ಟು ಕೆಟ್ಟದಾಗಿ ನಡೆಯುವುದಿಲ್ಲ.

ಅಳಿಸಲಿಲ್ಲ. ಬರುವ ಭಾನುವಾರ ಸಾಸ್ತಾನಕ್ಕೆ ಒಯ್ದು, ಇದು ನಂದು ಎಂದು ತೋರಿಸಬೇಕು.