ಸ್ನಾನ ಮಾಡಿ ಬಂದ ಅವರೆಕಾಯಿ

ತರಕಾರಿ ದಾರಿಯಲ್ಲೇ ಕೊಳೆಯುವುದನ್ನು ತಪ್ಪಿಸುತ್ತೇನೆಂದು ನಾನು ಹೊರಟದ್ದು ನಲವತ್ತು ದಾಟಿದ ಮೇಲೆ. ಮಾಗಡಿ ಕಡೆಯ ನಾಲ್ಕು ಹಳ್ಳಿಗಳಿಂದ ನಾಲ್ಕು ಟೆಂಪೊಗಳು ಅರ್ಧ ಖಾಲಿಯಾಗಿ ಡೀಸೆಲ್ ಸುಡುತ್ತ ನಗರಕ್ಕೆ ಬರುತ್ತಿದ್ದವು. ಯಾರು ಎಷ್ಟು ಕೊಯ್ದಿದ್ದಾರೆಂದು ಮೊಬೈಲಿನಲ್ಲಿ ಕೇಳಿ, ಕಂಪ್ಯೂಟರಿನಲ್ಲಿ ದಾರಿ ಹಾಕಿ, ಎಲ್ಲರಿಗೂ ಒಂದೇ ತಂಪು ವ್ಯಾನು ಕಳಿಸುವುದು ನನ್ನ ಯೋಜನೆ. ವ್ಯಾನು ಕೆಟ್ಟರೆ? ಸಿಗ್ನಲ್ ಸಿಗದಿದ್ದರೆ? ಚಿಂತೆಗಳ ಪಟ್ಟಿಯನ್ನೂ ಅದೇ ಕಂಪ್ಯೂಟರಿನಲ್ಲಿ ಇಟ್ಟಿದ್ದೆ.

ಟೊಮೆಟೊ, ಬೀನ್ಸ್ ಚೆನ್ನಾಗಿಯೇ ಬಂದವು. ಆ ಚಳಿಗಾಲದಲ್ಲಿ ಒಬ್ಬ ರೈತ ಮಹಿಳೆ ತಮ್ಮ ಅವರೆಯನ್ನೆಲ್ಲ ನಮ್ಮ ವ್ಯಾನಿಗೆ ಹಾಕಲು ಒಪ್ಪಿದರು. “ಇವತ್ತು ಮಾರಾಟ ಆಗ್ದಿದ್ರೆ ನಾಳೆಯಿಂದ ನಮ್ ಟೆಂಪೋನೇ ಸ್ವಾಮಿ” ಎಂದು ಮೊದಲೇ ಹೇಳಿ, ಮಡಿಲಲ್ಲೊಂದು ಚೀಲ ಇಟ್ಟುಕೊಂಡು ತಾವೂ ಹತ್ತಿ ಬಂದರು.

ವಿಶ್ವೇಶ್ವರಪುರದ ನಮ್ಮ ಬಾಡಿಗೆ ಗ್ಯಾರೇಜಿನ ಮುಂದೆ ಕ್ರೇಟುಗಳನ್ನು ಇಳಿಸಿದೆವು. ಒಂದು ಕಾಯಿಯೂ ಬಾಡಿರಲಿಲ್ಲ, ಪಳಪಳ ಹೊಳೆಯುತ್ತಿದ್ದವು. ಮೊದಲು ಬಂದವರು ಬೀದಿಯ ನಿವೃತ್ತ ಟೀಚರ್. ಒಂದು ಕಾಯಿ ಎತ್ತಿ ಮೂಗಿಗೆ ಹಿಡಿದರು. ಇನ್ನೊಂದು ಹಿಡಿದರು. ಆಮೇಲೆ ನನ್ನ ಮುಖ ನೋಡಿದರು.

“ಸೊಗಡೇ ಇಲ್ವಲ್ರೀ! ಇದಕ್ಕೆ ಸ್ನಾನ ಮಾಡ್ಸಿದ್ಯಾರು?”

ಮಾಡಿಸಿದವನು ನಾನೇ. ತೊಳೆ, ಫ್ಯಾನಿನಡಿ ಒಣಗಿಸು, ತುಂಬು ಎಂದು ಎಲ್ಲ ತರಕಾರಿಗೂ ಒಂದೇ ನಿಯಮ ಟೈಪ್ ಮಾಡಿ ವ್ಯಾನಿನ ಹುಡುಗರಿಗೆ ಕೊಟ್ಟಿದ್ದೆ. ಸಿಪ್ಪೆಗೆ ಅಂಟಿ ಕೈಗೆಲ್ಲ ಜಿಡ್ಡಾಗುವ ಆ ಘಮಕ್ಕಾಗಿಯೇ ಅಲ್ಲವೆ ಇಡೀ ಬಸವನಗುಡಿ ಚಳಿಯಲ್ಲಿ ಮಫ್ಲರ್ ಸುತ್ತಿ ಚೀಲ ಹಿಡಿದು ಹೊರಡುವುದು? ನಾನೂ ಚಿಕ್ಕಂದಿನಿಂದ ಮೂಸಿಯೇ ಕೊಂಡವನು. ನನ್ನಷ್ಟು ಚಿಂತೆ ಮಾಡುವವನ ಪಟ್ಟಿಯಲ್ಲಿ ಸೊಗಡು ಇರಲೇ ಇಲ್ಲ.

ಬಂದವರೆಲ್ಲ ಮೂಸಿದರು, ಇಟ್ಟರು, ಹೋದರು. ಆಗ ಆ ರೈತ ಮಹಿಳೆ ಮಡಿಲ ಚೀಲ ಬಿಚ್ಚಿದರು. ಒಳಗಿದ್ದದ್ದು ತೊಳೆಯದ ಕಾಯಿ. ಗ್ಯಾರೇಜೆಲ್ಲ ಘಮ್ಮೆಂದಿತು. ಗೇಟಿನವರೆಗೆ ಹೋಗಿದ್ದ ಟೀಚರ್ ತಿರುಗಿ ಬಂದರು. ಅವರ ಹಿಂದೆ ಉಳಿದವರು. ಚೀಲ ಖಾಲಿ.

“ನಿಮ್ಗೆ ಗೊತ್ತಿತ್ತಾ? ಹೇಳ್ಬಾರ್ದಿತ್ತಾ ಅಮ್ಮಾ?” ಎಂದೆ ನಾನು.

“ಹೇಳ್ದೆ. ಕಂಪ್ಯೂಟ್ರು ಹಿಂಗೇ ಹೇಳೈತೆ ಅಂದ್ರು ನಿಮ್ಮೋರು.” ಚೀಲ ಕೊಡವಿ ಮಡಿಸಿಕೊಂಡರು. “ಒಂದ್ ಕಾಯೂ ಕೆಡದಂಗೆ ತಂದಿದೀರ. ನಾಳೆನೂ ವ್ಯಾನ್ ಕಳ್ಸಿ. ನೀರಿನ್ ಪೈಪ್ ಮಾತ್ರ ಇಲ್ಲೇ ಬಿಟ್ಬನ್ನಿ. ಇವತ್ತಿನ್ ಕಾಯಿ... ತೊಳ್ದೋರ್ದು.”

ಅಷ್ಟೂ ಕ್ರೇಟುಗಳನ್ನು ನಾನೇ ಕೊಂಡು ಗೂಡ್ಸ್ ಆಟೋದಲ್ಲಿ ಮನೆಗೆ ತಂದೆ. ಬಾಗಿಲು ತೆರೆದವಳು ಹೆಂಡತಿ. ಬಗ್ಗಿ ಒಂದು ಕಾಯಿ ಎತ್ತಿಕೊಂಡು ಮೂಗಿಗೆ ಹಿಡಿದಳು.